ತಡ

ತೆಮುಕೋದಲ್ಲಿ ಜುಲೈ ಅಂದರೆ ಹೊಗೆ.
ಮನೆಮನೆಯ ಒಲೆಯೊಳಗೂ ಒಣಗದ ಸೌದೆ,
ಬೆಳಗಿನ ಎಂಟಕ್ಕೂ ಬೀದಿದೀಪಗಳು ಹಳದಿಯಾಗಿ ಕೆಮ್ಮುತ್ತಿರುತ್ತವೆ.
ನಾನು ನೆಲಿದಾ ವೆಂಚುಮಿಲ್, ರಾತ್ರಿಪಾಳಿಯವಳು,
ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಗಾಜಿನ ಪಟ್ಟಿಯ ಮೇಲೆ ಹರಡಿಕೊಂಡು ಕೂತಿದ್ದೇನೆ
ಮೂರನೇ ಮಹಡಿಯಿಂದ ಇಳಿದುಬಂದ ಒಂದು ಉಸಿರಿನ ತೇವವನ್ನು.

ಹೆಸರಿಲ್ಲ ಇನ್ನೂ. ಚೀಟಿಯಲ್ಲಿ
‘ಯೆಸೇನಿಯಾಳ ಮಗು’ ಅಂತಷ್ಟೇ.
ಹತ್ತೊಂಬತ್ತು ದಿನ. ಒಂದು ಕಿಲೋ ಎಂಟುನೂರು.
ಯಾರೋ ಪುಣ್ಯಾತ್ಗಿತ್ತಿ ಹೆಣೆದು ಕಳಿಸಿದ ಕುಲಾವಿ
ಹುಬ್ಬು ದಾಟಿ ಮೂಗಿನ ತನಕ ಜಾರುತ್ತದಂತೆ,
ದಾದಿ ರಾಯೆನ್ ಗಂಟೆಗೊಮ್ಮೆ ಮೇಲೆತ್ತುತ್ತಾಳಂತೆ.

ಬೆಳ್ಳಿಯ ಬಣ್ಣ ಹಿಡಿಯಲು ಸಮಯ ಬೇಕು.
ಹಿಡಿದ ಮೇಲೆ
ಹಸಿರು ಬಯಲಲ್ಲಿ ಕಪ್ಪು ಚುಕ್ಕಿಗಳು, ಒಂದು ಬದಿ ಕುಸಿದವು,
ಯಾರೋ ಹೆಬ್ಬೆರಳಲ್ಲಿ ಅದುಮಿಟ್ಟ ಬಟಾಣಿಯ ಹಾಗೆ.
ಬೂಷ್ಟಿನ ಜಾತಿ. ರೊಟ್ಟಿಯ ಮೇಲೆ ಕೂರುವುದರ ದೂರದ ನೆಂಟ.
ನನ್ನೊಳಗೂ ಇದ್ದೀತು ನಾಲ್ಕಾರು,
ಸದ್ದಿಲ್ಲದೆ ಬಂದು ಸದ್ದಿಲ್ಲದೆ ಸತ್ತದ್ದು.

ಇನ್ನೊಂದು ಗಾಜಿನಲ್ಲಿ ಕಾವಲಿನವರು:
ದೊಡ್ಡ ಹೊಟ್ಟೆಯ, ನುಂಗುವುದೇ ಕಸುಬಾದ ಕೋಶಗಳು.
ಕೆಲಸಕ್ಕೆ ಸೇರಿ ಎರಡು ವಾರವೂ ಆಗಿಲ್ಲ.
ಮೊನ್ನೆಯವರೆಗೆ ಇಲ್ಲಿ ಗಾಳಿಯೇ ಇರಲಿಲ್ಲ, ನೀರಿತ್ತು,
ಕಾಯಲು ಏನಿತ್ತು ಅವಕ್ಕೆ?
ಈಗ ಬಂದದ್ದೆಲ್ಲ ಹೊಸದು. ಹಾಲಿನ ಹನಿ, ಒಲೆಯ ಮಸಿ,
ಕಂಬಳಿಯ ನೂಲು, ತಾಯಿಯ ಕೆನ್ನೆಯ ಪೌಡರು,
ಮತ್ತೆ ಇದು.
ಪಕ್ಕದಲ್ಲೇ ಕೂತಿದೆ. ಮುಟ್ಟಿ ನೋಡುತ್ತವೆ,
ಕೂಗುವುದಿಲ್ಲ.
ಕೂಗದೆ ಹೋದರೆ ಊರಾಚೆಯ ಪಡೆಗೆ ಹೇಗೆ ತಿಳಿಯಬೇಕು?

ಡಾಕ್ಟರ್ ಓಯಾರ್ಸುನ್ ಒಮ್ಮೆ ಕಾಫಿಯ ಜೊತೆ ಹೇಳಿದ್ದರು:
ಇಲಿಮರಿಯ ರಕ್ಷಕ ಕೋಶಗಳನ್ನು ದೊಡ್ಡ ಇಲಿಗೆ ಹಾಕಿದರೆ
ಚೆನ್ನಾಗಿಯೇ ಕಾದಾಡುತ್ತವೆ.
ದೊಡ್ಡ ಇಲಿಯವನ್ನು ಮರಿಯೊಳಗೆ ಬಿಟ್ಟರೆ
ಪಳಗಿದ ಪೈಲ್ವಾನರೂ ತೂಕಡಿಸುತ್ತಾರೆ.
‘ತಪ್ಪು ಕಾವಲಿನವನದಲ್ಲ ನೆಲಿದಾ, ಮನೆಯದು.’

ತಪ್ಪು ಅನ್ನಬೇಕೆ, ಗೊತ್ತಿಲ್ಲ.
ಗೋಡೆಯ ಗಾರೆ ಇನ್ನೂ ಹಸಿ ಇರುವ ಮನೆ ಅದು,
ದಿನವೂ ಹೊಸ ಕೋಣೆಗಳು ಏಳುತ್ತಿವೆ,
ಎಲೆಗಿಂತ ತೆಳ್ಳಗಿನ ಗೋಡೆಗಳು.
ಅಲ್ಲಿ ಪ್ರತಿ ಧೂಳಿಗೂ ದೊಣ್ಣೆ ಎತ್ತಿದರೆ
ಕಳ್ಳನಿಗೆ ಮುಂಚೆ ಮನೆಯೇ ಬೀಳುತ್ತದೆ.
ಬಾಣಂತಿ ಮಲಗಿದ ಕೋಣೆಯಲ್ಲಿ ಪಿಸುಗುಟ್ಟುವ ಹಾಗೆ
ಪುಪ್ಪುಸ ತನ್ನವರಿಗೆಲ್ಲ ಹೇಳಿಟ್ಟಿದೆ:
ಶ್.
ಆ ‘ಶ್’ ಅನ್ನು ಬೂಷ್ಟೂ ಕೇಳಿಸಿಕೊಂಡಿದೆ,
ಕಾಲು ಚಾಚಿ ಸಂಸಾರ ಹೂಡಿದೆ.

ಒಂದು ಮಾತು. ನನ್ನ ಮೊದಲ ವಾರ
ಇಂಥದ್ದೇ ಗಾಜು, ಇಂಥದ್ದೇ ಹೊಗೆಯ ರಾತ್ರಿ,
ನೋಡಿದೆ ನಾನು. ನೊರೆ ಅಂದುಕೊಂಡೆ.
ಬೆಳಗಿನ ಪಾಳಿಯವರು ಬಂದು ಗುರುತಿಸುವಷ್ಟರಲ್ಲಿ ಒಂಬತ್ತೂವರೆ.
ಯಾರೂ ಬೈಯಲಿಲ್ಲ. ಹೊಸಬಳು ಅಂದರು.
ಆ ಚೀಟಿಯ ಮೇಲಿದ್ದ ತಾಯಿಯ ಹೆಸರು
ಇವತ್ತಿಗೂ ಯಾವ ಅಂಗಡಿಯ ಫಲಕದಲ್ಲಿ ಕಂಡರೂ
ರಸ್ತೆ ದಾಟುತ್ತೇನೆ.

ಫೋನು ಎತ್ತಿದೆ, ಎರಡು ಇಪ್ಪತ್ತಕ್ಕೆ.
‘ಇದೆ,’ ಅಂದೆ. ‘ತುಂಬಾ ಇದೆ. ಔಷಧಿ ಶುರು ಮಾಡಿ.’
ರಾಯೆನ್ ಬರೆದುಕೊಂಡಳು, ಪೆನ್ನಿನ ಸದ್ದು ಕೇಳಿಸಿತು,
ಅದರ ಹಿಂದೆ ಯಂತ್ರ ಮಗುವಿಗಾಗಿ ಎಣಿಸುವ ಉಸಿರು.
ಪಡೆ ಬರುತ್ತದೆ. ಇನ್ನೊಂದು ವಾರವೋ, ಎರಡೋ,
ದಾರಿ ಕೇಳಿಕೊಂಡು, ನಿಂತು ನಿಂತು.
ಅಲ್ಲಿಯವರೆಗೆ ಸೀಸೆಯ ಹನಿ.

ಮತ್ತೆ ಕಣ್ಣಿಟ್ಟೆ. ಗಾಜಿನ ಅಂಚಿನಲ್ಲಿ
ಇಷ್ಟು ಹೊತ್ತೂ ಕಾಣದಿದ್ದ ಒಂದು ಕೋಶ,
ಅದರ ಹೊಟ್ಟೆಯಲ್ಲಿ ಅರ್ಧ ಕರಗಿದ ಒಂದೇ ಒಂದು ಬೂಷ್ಟು.
ಹೇಳಿಕೊಟ್ಟವರು ಯಾರೋ.
ಫೋನು ಇನ್ನೂ ಇಟ್ಟಿರಲಿಲ್ಲ.
‘ಹೆಸರು ಇಟ್ಟರಾ?’ ಕೇಳಿದೆ.
‘ಎರಡು ಯೋಚಿಸಿದ್ದಾಳಂತೆ,’ ಅಂದಳು ರಾಯೆನ್,
‘ಇರು, ಕುಲಾವಿ ಮತ್ತೆ ಜಾರಿತು.’